ಕುದಿಸಿದ ಎಲುಬು

ಮೈಲೂರಿನ ನಮ್ಮ ಗಲ್ಲಿಯಲ್ಲಿ ಈಗ ಮನೆಗೊಂದು ನಾಯಿ. ಒಂದಕ್ಕೆ ಮೈತುಂಬ ಕೂದಲು, ಬೀದರಿನ ಬಿಸಿಲಿಗೆ ನಾಲಿಗೆ ಹೊರಗೆ ಹಾಕಿಕೊಂಡೇ ಇರುತ್ತದೆ. ಇನ್ನೊಂದು ಕಾಲೇ ಇಲ್ಲವೇನೋ ಅನ್ನುವಷ್ಟು ಗಿಡ್ಡ. ಮೊನ್ನೆ ಭಾನುವಾರ ಎದುರು ಮನೆಯಾಕೆ ಬಿರಿಯಾನಿ ಉಂಡ ತಟ್ಟೆಗಳನ್ನು ಹೊರಗೆ ತಂದು, ಕೋಳಿಯ ಎಲುಬನ್ನೆಲ್ಲ ತನ್ನ ನಾಯಿಯ ಮುಂದೆ ಸುರಿಯಲು ಹೋದಳು. ನಾನು ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದವಳು ಅಲ್ಲಿಂದಲೇ ಕೂಗಿದೆ.

"ಅಕ್ಕೋರ, ಅದನ್ನ ಹಾಕಬ್ಯಾಡ್ರಿ. ಕುದಿಸಿದ್ದು ಅದ ಅದು."

ಆಕೆ ತಲೆ ಎತ್ತಿ, ನನ್ನ ಕೊರಳ ಕಡೆ ನೋಡಿ ನಕ್ಕಳು. "ನೀವು ಲಿಂಗ ಕಟ್ಟಿದವರು. ನಿಮಗ ಎಲುಬಿನ ಮಾತು ಏನ್ ಗೊತ್ತರಿ?"

ತಮಾಷೆಗೆ ಅಂದದ್ದೇ, ಎಲುಬು ಹಾಕದೆ ತಟ್ಟೆಗಳನ್ನು ಒಳಗೆ ಒಯ್ದಳು. ಆದರೂ ನನಗೆ ಉತ್ತರ ಕೊಡುವ ಮನಸ್ಸಾಗಲಿಲ್ಲ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಹಾಕಬಹುದು ಅನ್ನುವವರು ಇದ್ದಾರೆ, ಹಾಕಬಾರದು ಅನ್ನುವವರು ಇದ್ದಾರೆ, ನಮ್ಮ ಹಿರಿಯರು ಫೋನಿನಲ್ಲಿ ನೋಡಿಕೊಂಡು ನಾಯಿ ಸಾಕಿದ್ದರೇನು ಎಂದು ದಬಾಯಿಸುವವರೂ ಇದ್ದಾರೆ. ಎಲ್ಲರದೂ ಬಾಯಿ ದೊಡ್ಡದೇ. ನಾನು ಕೆಳಗಿಳಿದು ಬಂದು, ನೀರು ಕುಡಿದು ಕೂತೆ. ಎಲುಬಿನ ಮಾತು ನನಗೆ ಹೇಗೆ ಗೊತ್ತಾಯಿತು ಎಂದು ಹೇಳಹೊರಟರೆ ನನ್ನ ಅತ್ತೆಯ ಸುದ್ದಿಯನ್ನೇ ಹೇಳಬೇಕಾಗುತ್ತದೆ.

ನನ್ನ ತವರು ಔರಾದ. ಮದುವೆಯಾಗಿ ಹೋದದ್ದು ಭಾಲ್ಕಿ ತಾಲೂಕಿನಲ್ಲಿ, ಖಟಕ ಚಿಂಚೋಳಿಯಿಂದ ಆಚೆಗಿನ ಒಂದು ಹಳ್ಳಿಗೆ. ತವರಿನಲ್ಲೂ ನಾವು ಮಾಂಸ ಮುಟ್ಟುವವರಲ್ಲ, ಆದರೆ ಅಲ್ಲಿ ಪೇಟೆ ಹತ್ತಿರವಿತ್ತು, ಕಣ್ಣಿಗೆ ಬೀಳುವುದು ಬೀಳುತ್ತಿತ್ತು, ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅತ್ತೆಯ ಮನೆಯಲ್ಲಿ ಹಾಗಲ್ಲ. ಕಾಗೆಯೊಂದು ಅಂಗಳದಲ್ಲಿ ಎಲುಬಿನ ಚೂರು ಬೀಳಿಸಿ ಹೋದರೆ ಮುಗಿಯಿತು, ಅದನ್ನು ಕಟ್ಟಿಗೆಯಿಂದ ಎತ್ತಿ ಊರಾಚೆ ಒಗೆಯಬೇಕು, ಸಗಣಿ ನೀರು ಹೊಡೆಯಬೇಕು, ಎತ್ತಿದವರು ತಲೆಮೇಲೆ ನೀರು ಹಾಕಿಕೊಳ್ಳಬೇಕು, ಆಮೇಲೆಯೇ ಲಿಂಗಪೂಜೆ. ಎಲುಬು ಎಂಬ ಮಾತನ್ನು ಕೂಡ ಅತ್ತೆ ಬಾಯಲ್ಲಿ ತರುತ್ತಿರಲಿಲ್ಲ. "ಅದು" ಅನ್ನುತ್ತಿದ್ದರು. ಒಮ್ಮೆ ಜಾರಿ ಬಿದ್ದು ಮುಂಗೈ ಮುರಿದುಕೊಂಡಾಗಲೂ, ಎಲ್ಲಿ ಮುರಿದಿದೆ ಎಂದು ಕೇಳಿದವರಿಗೆ "ಒಳಗ" ಎಂದಷ್ಟೇ ಹೇಳಿದ್ದರು. ನನಗೆ ಒಳಗೊಳಗೇ ನಗು. ಹೊಸ ಸೊಸೆ, ನಗುವ ಹಾಗಿಲ್ಲ.

ನಮ್ಮ ಕೊಟ್ಟಿಗೆಯ ಆಚೆ, ಗಲ್ಲಿ ದಾಟಿದರೆ, ಒಂದು ಮನೆ, ಬೌದ್ಧರಾದ ದಲಿತರದು. ಗಂಡ ಹೆಂಡತಿ ಇಬ್ಬರೂ ಬಹಳ ವರ್ಷದಿಂದ ನಮ್ಮ ಹೊಲಕ್ಕೆ ಬರುತ್ತಿದ್ದವರು. ಆ ಹೆಂಗಸಿಗೂ ನನ್ನ ಅತ್ತೆಗೂ ಮಾತೇ ಮುಗಿಯುತ್ತಿರಲಿಲ್ಲ. ಅತ್ತೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿರುವರು, ಆಕೆ ಕೆಳಗೆ ನಿಂತಿರುವಳು, ಕೈಯಲ್ಲಿ ಕುಡಗೋಲೋ ಬುಟ್ಟಿಯೋ ಇರುವುದು. ಅಷ್ಟು ವರ್ಷದ ಮಾತು ಹಾಗೆಯೇ ನಡೆದಿತ್ತು. ಮೇಲೆ ಬಾ ಎಂದು ಅತ್ತೆ ಕರೆದದ್ದಿಲ್ಲ, ಆಕೆ ಬಂದದ್ದೂ ಇಲ್ಲ, ಯಾರಿಗೂ ಅದು ವಿಶೇಷ ಅನ್ನಿಸಿದ್ದೂ ಇಲ್ಲ.

ಮಳೆ ಕೈಕೊಟ್ಟ ಎರಡನೆಯ ವರ್ಷ ಅದು. ತೊಗರಿ ಹೂವಿನಲ್ಲೇ ಒಣಗಿತು. ಬಾವಿಯ ತಳದಲ್ಲಿ ಕೊಡ ಇಳಿಸಿದರೆ ಕೆಸರು ಬರುತ್ತಿತ್ತು. ಟ್ಯಾಂಕರ್ ಬಂದ ದಿನ ನೀರು, ಬಾರದ ದಿನ ದಾರಿ ನೋಡುವುದು. ನಮ್ಮ ಎಮ್ಮೆಯನ್ನು ನೆಂಟರ ಊರಿಗೆ ಅಟ್ಟಿದೆವು. ದೀಪಾವಳಿ ಮುಗಿಯುವಷ್ಟರಲ್ಲಿ ಊರಿನ ಅರ್ಧ ಮನೆಗಳಿಗೆ ಬೀಗ ಬಿತ್ತು. ಕೆಲವರು ಕಬ್ಬು ಕಡಿಯಲು ಹೋದರು, ಕೆಲವರು ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ. ಕೊಟ್ಟಿಗೆಯ ಆಚೆಯ ಆ ಮನೆಯವರೂ ಹೈದರಾಬಾದಿಗೆ ಹೊರಟರು.

ಹೊರಡುವ ದಿನ ಬೆಳಿಗ್ಗೆ ಆಕೆ ತನ್ನ ನಾಯಿಯ ಕೊರಳಿಗೆ ಹಗ್ಗ ಹಾಕಿ ಎಳೆದುಕೊಂಡು ಬಂದಳು. ಕೆಂದು ಬಣ್ಣದ ಊರನಾಯಿ, ಒಂದು ಕಿವಿ ಮಡಚಿಕೊಂಡಿತ್ತು. ಹೆಸರು ಅಂತ ಏನೂ ಇರಲಿಲ್ಲ, ಕುರ್ರೋ ಕುರ್ರೋ ಎಂದರೆ ಓಡಿ ಬರುತ್ತಿತ್ತು. ಆಕೆಯ ಹಿಂದೆ ಸಣ್ಣ ಮಗಳು ಅಳುತ್ತ ನಿಂತಿದ್ದಳು.

"ಅವ್ವಾರ, ಇದನ್ನ ನಿಮ್ಮ ಕಡಿ ಬಿಟ್ಟು ಹೋಗ್ತೇನ್ರಿ. ಅಲ್ಲಿ ನಮಗೇ ನಿಲ್ಲಾಕ ಜಾಗಾ ಸಿಗ್ತದೋ ಇಲ್ಲೋ, ಇದನ್ನ ಎಲ್ಲಿ ಇಟ್ಕೋಲಿ? ಈಕಿ ಅಂತೂ ನಾಯಿ ಬಿಟ್ಟು ಬರಂಗೇ ಇಲ್ಲ ಅಂತ ಕುಂತಾಳ."

ಅತ್ತೆ ಆ ಹುಡುಗಿಯನ್ನು ನೋಡಿದರು. "ಏ ಹುಡುಗಿ, ಅಳಬ್ಯಾಡ. ನಮ್ಮ ಕೊಟ್ಟಿಗಿ ಖಾಲೀನೇ ಅದ. ನೀವು ಬರೂತನಾ ನಿನ್ನ ನಾಯಿಗಿ ನಾ ಜ್ವಾಕಿ ಮಾಡ್ತೇನಿ. ಬಂದ ದಿನ ಹಿಂಗೇ ಹಗ್ಗ ಹಿಡದು ನಿನ್ನ ಕೈಯಾಗ ಕೊಡ್ತೇನಿ. ಸರಿ ಏನು?"

ಹುಡುಗಿ ಮೂಗು ಒರೆಸಿಕೊಂಡು ತಲೆ ಆಡಿಸಿದಳು. ತಾಯಿ ಹಗ್ಗವನ್ನು ಕಟ್ಟೆಯ ಅಂಚಿಗೆ ಇಟ್ಟಳು. ಹೋಗಲು ತಿರುಗಿದವಳು ಮತ್ತೆ ನಿಂತಳು.

"ಇನ್ನೊಂದು ಮಾತರಿ, ಅವ್ವಾರ. ತಿನ್ನೂದರಾಗ..." ಎಂದಳು. ಅತ್ತೆಯ ಹಣೆಯ ವಿಭೂತಿ ನೋಡಿದಳು, ಕಟ್ಟೆ ನೋಡಿದಳು. "ಏನಿಲ್ಲ ಬಿಡ್ರಿ. ರೊಟ್ಟಿ ಹಾಕಿದ್ರ ತಿಂತದ."

ಕೂಲಿಯಾಳು ಕರೆದೊಯ್ಯುವ ಮುಕಾದಂನ ಲಾರಿ ಊರ ಮುಂದೆ ಹಾರ್ನು ಹೊಡೆಯುತ್ತಿತ್ತು. ಆಕೆ ಹೋದಳು.

ನಾಯಿ ಮೊದಮೊದಲು ರೊಟ್ಟಿ ತಿಂದಿತು. ತಿಂದು ಹೋಗಿ ಬೀಗ ಹಾಕಿದ ತನ್ನ ಮನೆಯ ಹೊಸ್ತಿಲಿಗೆ ತಲೆ ಕೊಟ್ಟು ಮಲಗುತ್ತಿತ್ತು. ಬರುಬರುತ್ತ ರೊಟ್ಟಿ ಮೂಸಿ ಬಿಡಲು ಶುರು ಮಾಡಿತು. ಅತ್ತೆ ಕಡ ತಂದ ಮಜ್ಜಿಗೆಯಲ್ಲಿ ನೆನೆಸಿ ಹಾಕಿದರು, ಬೇಳೆಯ ಕಟ್ಟು ಸುರಿದು ಹಾಕಿದರು, ನನಗೆ ಸಿಗದ ತುಪ್ಪವನ್ನು ಒಂದು ದಿನ ಅದಕ್ಕೆ ಸವರಿ ಹಾಕಿದರು. ನಾಯಿ ಒಮ್ಮೆ ನೆಕ್ಕಿ ಮುಖ ತಿರುಗಿಸಿತು. ಪಕ್ಕೆಯ ಎಲುಬು ಎಣಿಸುವ ಹಾಗಾಯಿತು. ಅತ್ತೆಗೆ ಊಟ ಸೇರದಾಯಿತು.

"ಇದು ನನ್ನ ಮಾತು ಕೆಡಸ್ತದ ನೋಡು," ಎಂದರು ಒಂದು ದಿನ, ನಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತು. "ಆ ಹುಡುಗಿಗಿ ಏನಂತ ಮುಖಾ ತೋರಸ್ಲಿ?"

"ಅದಕ್ಕ ಅವರ ನೆನಪಾಗ್ಯಾದರಿ, ಅತ್ತಿ."

"ನೆನಪು ಖರೇ. ಆದ್ರ ಅದು ಹುಟ್ಟಿದಾಗಿಂದ ಏನ್ ತಿಂದದೋ ಅದನ್ನೇ ಕೇಳ್ತದ. ನಾವು ಹಾಕೂದು ನಮ್ಮ ಊಟ."

ಆ ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿದವರು, ಹಳೆಯದೊಂದು ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಖಟಕ ಚಿಂಚೋಳಿಗೆ ಹೋಗಿ ಬರೋಣ ನಡಿ ಎಂದರು. ಯಾಕೆ ಎಂದು ಹೇಳಲಿಲ್ಲ. ಬಸ್ಸಿನಲ್ಲಿ ಕೂತಾಗಲೂ ಹೇಳಲಿಲ್ಲ.

ಬಸ್ಸು ನಿಲ್ಲುವ ಜಾಗದಿಂದ ಸ್ವಲ್ಪ ಮುಂದೆ, ಬೇವಿನ ಮರದ ಕೆಳಗೆ, ಭಾನುವಾರ ಒಬ್ಬ ಮಟನ್ ಮಾರುತ್ತಿದ್ದ. ಅತ್ತೆ ಸೀದಾ ಆ ಕಡೆ ನಡೆದರು. ನಾನು ಹಿಂದೆಯೇ ಓಡಿದೆ. ಮರದ ಹತ್ತಿರ ಹೋದವರು ಅವನಿಗೆ ಬೆನ್ನು ಮಾಡಿ, ಸೆರಗನ್ನು ಮೂಗಿಗೆ ಒತ್ತಿಕೊಂಡು, ರಸ್ತೆಯ ಕಡೆ ನೋಡುತ್ತ ನಿಂತರು.

"ಅಮ್ಮಾ, ದಾರಿ ತಪ್ಪೀರೇನ್ರಿ?" ಎಂದ ಆತ.

"ನಾಯಿಗಿ ಬೇಕಾಗ್ಯಾದ."

"ಏನ್ ಬೇಕ್ರಿ?"

"ಅದು."

"ಅದು ಅಂದ್ರ?"

ಅತ್ತೆ ಚೀಲವನ್ನು ಹಿಂದಕ್ಕೆ ಚಾಚಿದರು. ಆತ ನನ್ನ ಮುಖ ನೋಡಿದ. ನಾನು ಕಣ್ಣಲ್ಲೇ ಮೂಲೆಯಲ್ಲಿ ಬಿದ್ದ ಎಲುಬಿನ ಗುಡ್ಡೆ ತೋರಿಸಿದೆ. ಪಾಪ, ನಗಲಿಲ್ಲ ಮನುಷ್ಯ. ಕಾಗದದಲ್ಲಿ ಸುತ್ತಿ ಚೀಲದಲ್ಲಿ ಇಳಿಸಿ, "ಹಂಗೇ ಹಾಕ್ರಿ ಅಮ್ಮಾ, ಖುಷ್ ಆಗ್ತದ," ಎಂದ.

ವಾಪಸ್ಸು ಬಸ್ಸಿನಲ್ಲಿ ಅತ್ತೆ ಆ ಚೀಲವನ್ನು ಎರಡೇ ಬೆರಳಲ್ಲಿ ಹಿಡಿದು, ಮೈಗೆ ತಾಗದಂತೆ ತೂಗಾಡಿಸುತ್ತ ಕೂತಿದ್ದರು. ನಮ್ಮ ಊರಿನ ಒಬ್ಬ ಹಿರಿಯ ಏನು ಸಂತೆ ಮಾಡಿದಿರಿ ಎಂದು ಕೇಳಿದ್ದಕ್ಕೆ, ಬದನಿಕಾಯಿ ಎಂದರು. ಸುಳ್ಳು ಹೇಳಿ ರೂಢಿ ಇಲ್ಲದವರು. ಕಿವಿ ಕೆಂಪಾಗಿದ್ದವು.

ಇಲ್ಲಿಯ ತನಕ ಎಲ್ಲ ಸರಿಯೇ ಇತ್ತು. ಆ ಮಟನ್ ಮಾರುವವನು ಹೇಳಿದ ಹಾಗೆ ಹಾಗೆಯೇ ಹಾಕಿದ್ದರೆ ಬಹುಶಃ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಚೀಲ ಬಿಚ್ಚಿದಾಗ ಒಳಗೆ ರಕ್ತ ಇತ್ತು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

"ಹಸೀದು ಹಾಕಿದ್ರ ನನಗೂ ಕೊಯ್ದವನಿಗೂ ಏನ್ ಫರಕ್ ಉಳೀತು?" ಎಂದರು. "ಬೆಂಕಿ ಕಾಣಿಸಿದ್ರ ಅದು ಊಟ ಆಗ್ತದ. ಊಟ ಯಾರಿಗಿ ಹಾಕಿದ್ರೂ ಪಾಪ ಇಲ್ಲ."

ನಮ್ಮ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತು ಸುಳ್ಳು ಅನ್ನಿಸುವುದಿಲ್ಲ. ನಮಗೆ ಗೊತ್ತಿರುವುದು ಕಾಳು, ಬೇಳೆ, ಕಾಯಿಪಲ್ಲೆ. ಬೇಯಿಸಿದಷ್ಟೂ ಮೆತ್ತಗಾಗುತ್ತದೆ, ಹೊಟ್ಟೆಗೆ ಹಗುರಾಗುತ್ತದೆ. ಎಲುಬು ಕೂಡ ಹಾಗೆಯೇ ಇರಬೇಕು ಎಂದು ನನಗೂ ಅನ್ನಿಸಿತ್ತು.

ಕೊಟ್ಟಿಗೆಯ ಹಿಂದೆ ಮೂರು ಕಲ್ಲು ಹೂಡಿ, ಬಾಯಿ ಒಡೆದ ಹಳೆಯ ಗಡಿಗೆಯಲ್ಲಿ ಅತ್ತೆ ಎಲುಬು ಕುದಿಸಿದರು. ನೀರು ಎಲ್ಲಿಂದ ಎಂದರೆ, ತಮ್ಮ ಸ್ನಾನದ ಪಾಲಿನಿಂದ. ಆ ವರ್ಷ ಒಬ್ಬೊಬ್ಬರಿಗೂ ಅಳೆದು ನೀರು. ಕುದಿಸಿದ ಮೇಲೆ ಸ್ನಾನ ಮಾಡದೆ ಲಿಂಗ ಮುಟ್ಟುವ ಹಾಗಿಲ್ಲ, ಸ್ನಾನಕ್ಕೆ ಒಂದೇ ಚೊಂಬು ಉಳಿದಿರುತ್ತಿತ್ತು. ಅದನ್ನೇ ತಲೆಗೆ ಹಾಕಿಕೊಂಡು, ಹಸಿ ಸೀರೆ ಸುತ್ತಿಕೊಂಡು, ಸಂಜೆಯ ಪೂಜೆಗೆ ಕೂರುತ್ತಿದ್ದರು. ಆ ವಾಸನೆಗೆ ನಾನು ಮುಂಬಾಗಿಲಿಗೆ ಹೋಗಿ ಕೂರುತ್ತಿದ್ದೆ. ಭಾಲ್ಕಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಭಾನುವಾರ ಮಧ್ಯಾಹ್ನ ಗೆಳೆಯರ ಮನೆಗೆ ಹೋಗುವುದನ್ನು ರೂಢಿ ಮಾಡಿಕೊಂಡರು.

ಎಲುಬು ಬೆಳ್ಳಗಾಗುವ ತನಕ ಕುದಿಸಿ, ಆರಿಸಿ, ನಾಯಿಯ ಮುಂದೆ ಹಾಕಿದಾಗ ಅದು ತಿಂದದ್ದನ್ನು ನೋಡಬೇಕಿತ್ತು. ಕಟಕಟ ಎಂದು ಕಡಿದು, ಕಣ್ಣು ಮುಚ್ಚಿ ತಿಂದಿತು. ತಿಂದು ಬಂದು ಮೊದಲ ಸಲ ನಮ್ಮ ಕೊಟ್ಟಿಗೆಯಲ್ಲಿ ಮಲಗಿತು. ಮರುದಿನ ರೊಟ್ಟಿಯನ್ನೂ ತಿಂದಿತು. ಅತ್ತೆ ಅದನ್ನು ನೋಡುತ್ತ ನಿಂತಿದ್ದರು, ಮುಖ ಅರಳಿತ್ತು. ಆ ಬರದಲ್ಲಿ ನಮ್ಮ ಮನೆಯಲ್ಲಿ ಯಾರಾದರೂ ಖುಷಿಯಾಗಿದ್ದರೆ ಅದು ಆ ದಿನ ನನ್ನ ಅತ್ತೆ.

ಸಂಕ್ರಾಂತಿ ದಾಟಿ ಶಿವರಾತ್ರಿಯ ಹತ್ತಿರದ ತನಕ ಭಾನುವಾರಗಳು ಹೀಗೆಯೇ ಸಾಗಿದವು. ನಾಯಿ ಮೈ ತುಂಬಿಕೊಂಡಿತು. ಒಂದು ಭಾನುವಾರ ಮಟನ್ನಿನವನು ತೊಡೆಯ ದೊಡ್ಡ ಎಲುಬನ್ನು ಕಡಿದು ಕೊಟ್ಟಿದ್ದ. ಅತ್ತೆ ಅದನ್ನು ಎಂದಿಗಿಂತ ಹೆಚ್ಚು ಹೊತ್ತು ಕುದಿಸಿದರು, ದೊಡ್ಡದು, ಚೆನ್ನಾಗಿ ಬೇಯಲಿ ಎಂದು.

ಮರುದಿನ ನಾಯಿ ಏಳಲಿಲ್ಲ. ಅದರ ಮರುದಿನ ಬೆನ್ನು ಬಗ್ಗಿಸಿ ನಿಂತು ತಿಣುಕಿತು, ಬಂದದ್ದು ರಕ್ತ. ವಾಂತಿ ಮಾಡಿತು. ಅತ್ತೆ ಓಮದ ನೀರು ಕುಡಿಸಿದರು, ಹೊಟ್ಟೆಗೆ ಹರಳೆಣ್ಣೆ ತಿಕ್ಕಿದರು. ಕೈ ಇಟ್ಟರೆ ಸಾಕು, ನಾಯಿ ಚೀರುತ್ತಿತ್ತು. ಕಡೆಗೆ ಗೋಣಿಚೀಲದ ಮೇಲೆ ಮಲಗಿಸಿ, ಆಚೆ ಈಚೆ ಇಬ್ಬರೂ ಹಿಡಿದು, ಟಂಟಂ ಆಟೋದಲ್ಲಿ ಭಾಲ್ಕಿಯ ದನದ ದವಾಖಾನೆಗೆ ಹೋದೆವು.

ಅಲ್ಲಿ ನೋಡಿದರೆ ಬರದ ದನಗಳ ಸಾಲು. ಒಂದಕ್ಕೂ ಮೈಯಲ್ಲಿ ಮಾಂಸವಿರಲಿಲ್ಲ. ನಮ್ಮ ಊರಿನವರೂ ಮೂರ್ನಾಲ್ಕು ಜನ ಎತ್ತು ಹಿಡಿದು ನಿಂತಿದ್ದರು. ಬಸ್ಸಿನಲ್ಲಿ ಸಂತೆ ಕೇಳಿದ್ದ ಹಿರಿಯರೂ ಇದ್ದರು. ನಮ್ಮ ಸರದಿ ಬಂತು. ಡಾಕ್ಟರು ಇನ್ನೂ ಸಣ್ಣ ವಯಸ್ಸಿನವರು, ಬೆಳಗಿನಿಂದ ನಿಂತೇ ಇದ್ದಂತಿತ್ತು.

"ಏನ್ ತಿನಸೀರಿ?"

"ರೊಟ್ಟಿರಿ. ಮಜ್ಜಿಗಿ," ಎಂದರು ಅತ್ತೆ.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. "ರೊಟ್ಟಿ ತಿಂದ ಹೊಟ್ಟಿ ಹಿಂಗ ಕಲ್ಲಾಗಂಗಿಲ್ಲ ಅಮ್ಮಾ. ಖರೇ ಹೇಳ್ರಿ. ಏನಂತ ಗೊತ್ತಾಗದ ನಾ ಏನ್ ಔಷಧಿ ಕೊಡ್ಲಿ?"

ಊರಿನವರೆಲ್ಲ ಈ ಕಡೆಯೇ ನೋಡುತ್ತಿದ್ದರು. ನಾನು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅತ್ತೆ ನನ್ನ ಮುಂಗೈ ಹಿಡಿದು ಅದುಮಿದರು. ಬೇಡ ಅನ್ನುತ್ತಿದ್ದಾರೆ ಅಂದುಕೊಂಡೆ. ಹಾಗಲ್ಲ, ತಾವೇ ಹೇಳುವುದಕ್ಕೆ.

"ಎಲುಬು," ಎಂದರು. ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. "ಎಲುಬು ಹಾಕೀನ್ರಿ. ನಾನೇ ತಂದು, ನಾನೇ ಕುದಿಸಿ, ಈ ಕೈಲಿಂದೇ ಹಾಕೀನಿ."

ಯಾರೋ ಹಿಂದೆ ಕೆಮ್ಮಿದರು. ಡಾಕ್ಟರು ಮಾತ್ರ ಅತ್ತೆಯ ಕೊರಳಿನ ಕಡೆ ನೋಡಲಿಲ್ಲ, ನಾಯಿಯನ್ನೇ ನೋಡುತ್ತಿದ್ದರು.

"ಕುದಿಸಿದ್ದಕ್ಕೇ ಹಿಂಗಾಗ್ಯಾದ. ಹಸೀ ಎಲುಬು ಅಗದ್ರ ನುರೀತದ. ಕುದಿಸಿದ್ದು ಒಣಗಿ ಚೂಪ್ ಚೂಪಾಗಿ ಸೀಳತದ. ಒಳಗ ಹೋಗಿ ಕರುಳಿಗಿ ಚುಚ್ಚತದ, ಇಲ್ಲಾ ಗಟ್ಟಿ ಆಗಿ ಕುಂತು ಬಿಡ್ತದ. ಹಸೀದೂ ಪೂರಾ ಛಲೋ ಅಂತ ಹೇಳಂಗಿಲ್ಲ, ಆದ್ರ ಕುದಿಸಿದ್ದು ಯಾವತ್ತೂ ಹಾಕಬಾರದು."

"ಹಸೀದು ಪಾಪ ಅಂತ ಕುದಿಸಿದೆರಿ," ಎಂದರು ಅತ್ತೆ.

ಡಾಕ್ಟರು ಇಂಜೆಕ್ಷನ್ ಕೊಟ್ಟರು. ಹೊಟ್ಟೆ ಕೊಯ್ದೇ ತೆಗೆಯಬೇಕು, ಇಲ್ಲಿ ಆಗುವುದಿಲ್ಲ, ಈಗಲೇ ಬೀದರಿಗೆ ಒಯ್ಯಿರಿ ಎಂದರು. ನಾವು ಬೀದರಿಗೆ ಬರುವ ಟಂಟಂ ಹುಡುಕುತ್ತ ರಸ್ತೆಯ ಬದಿಗೆ ಬಂದೆವು. ಬಂದವರೆಲ್ಲ ನಾಯಿ ನೋಡಿ ಮುಂದೆ ಹೋದರು. ಕಡೆಗೆ ಒಬ್ಬ ನಿಲ್ಲಿಸಿದ. ಅತ್ತೆ ಗೋಣಿಯ ಒಂದು ತುದಿ ಎತ್ತಲು ಬಗ್ಗಿದವರು ಹಾಗೆಯೇ ಕೂತುಬಿಟ್ಟರು. ನಾಯಿಯ ಕಣ್ಣು ತೆರೆದೇ ಇತ್ತು, ಹೊಟ್ಟೆ ಆಡುತ್ತಿರಲಿಲ್ಲ.

ಅದೇ ಗೋಣಿಯಲ್ಲಿ ವಾಪಸ್ಸು ತಂದೆವು. ಅವರ ನಾಯಿ ಅವರ ಮನೆಯ ಹತ್ತಿರವೇ ಇರಲಿ ಎಂದರು ಅತ್ತೆ. ಬೀಗ ಹಾಕಿದ ಆ ಮನೆಯ ಹಿತ್ತಲಲ್ಲಿ ನನ್ನ ಗಂಡ ಗುಂಡಿ ತೋಡಿದರು. ನೆಲ ಕಬ್ಬಿಣದಂತಾಗಿತ್ತು, ಗುದ್ದಲಿ ಇಳಿಯುತ್ತಿರಲಿಲ್ಲ. ಕೊರಳಿನ ಹಗ್ಗವನ್ನು ಅತ್ತೆ ಬಿಚ್ಚಿ ತಂದು, ಕೊಟ್ಟಿಗೆಯ ಗೂಟಕ್ಕೆ ಸಿಕ್ಕಿಸಿದರು.

ಲಿಂಗ ಕಟ್ಟಿದಾಕೆ ಎಲುಬು ಕುದಿಸಿದಳು ಎಂದು ಊರೆಲ್ಲ ಸುದ್ದಿಯಾಯಿತು. ಹೆಣ್ಣುಮಕ್ಕಳು ನನ್ನ ಹತ್ತಿರ ಬಂದು ಕೆದಕಿ ಕೇಳಿದರು. ನನಗೆ ಮೈ ಉರಿಯುತ್ತಿತ್ತು. ಅತ್ತೆಗೆ ಅದ್ಯಾವುದೂ ನಾಟಲೇ ಇಲ್ಲ. ಅವರಿಗೆ ಒಂದೇ ಚಿಂತೆ, ಆ ಹುಡುಗಿಗೆ ಏನು ಹೇಳುವುದು. ಬೇಸಿಗೆ ಉದ್ದಕ್ಕೂ ಕಟ್ಟೆಯ ಮೇಲೆ ಕೂತು ತುಟಿ ಅಲುಗಿಸುತ್ತಿದ್ದರು. ಜಪ ಮಾಡುತ್ತಿದ್ದಾರೆ ಎಂದು ನೋಡಿದವರು ಅಂದುಕೊಂಡಿರಬೇಕು. ಹತ್ತಿರ ಹೋದರೆ ಕೇಳಿಸುತ್ತಿತ್ತು. "ನೋಡವ್ವ, ಹಿಂಗಾತು ನೋಡವ್ವ," ಎಂದು ಶುರು ಮಾಡುವರು, ಮುಂದೆ ಹೋಗದೆ ನಿಲ್ಲಿಸುವರು. ನೀವು ಬೇಕಂತ ಮಾಡಿದ್ದಲ್ಲವಲ್ಲ ಎಂದು ನಾನು ಹೇಳಿ ಹೇಳಿ ಸೋತೆ. ಹೂಂ ಅನ್ನುವರು, ಮತ್ತೆ ಅಲ್ಲಿಂದಲೇ ಶುರು.

ಮಳೆ ತಡವಾಗಿಯೇ ಬಂತು, ಬಂತಲ್ಲ ಎನ್ನುವ ಹಾಗೆ. ಒಂದು ಮಧ್ಯಾಹ್ನ ನಾನು ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಗಲ್ಲಿಯ ತುದಿಯಿಂದ ಸಣ್ಣ ದನಿ ಕೇಳಿತು. ಕುರ್ರೋ ಕುರ್ರೋ. ನನ್ನ ಕೈ ನಿಂತಿತು. ಅತ್ತೆ ಆಗಲೇ ಎದ್ದು ಕಟ್ಟೆಗೆ ಹೋಗಿದ್ದರು.

ಹುಡುಗಿ ಓಡಿಕೊಂಡು ಬಂದವಳು ನಮ್ಮ ಕೊಟ್ಟಿಗೆ ನೋಡಿ, ಖಾಲಿ ಇದೆ ಎಂದು ತನ್ನ ಮನೆಯ ಕಡೆ ಓಡಿದಳು. ತಾಯಿ ತಲೆಯ ಮೇಲಿನ ಗಂಟು ಇಳಿಸಿ ಕಟ್ಟೆಯ ಕೆಳಗೆ ನಿಂತಳು. ಬಿಸಿಲಿಗೆ ಸುಟ್ಟು ಅರ್ಧ ಆಗಿದ್ದಳು.

"ಹ್ಯಾಂಗಿದ್ದೀರಿ ಅವ್ವಾರ? ಎಲ್ಲದ ನಮ್ಮ ನಾಯಿ?"

ಬೇಸಿಗೆಯೆಲ್ಲ ಜೋಡಿಸಿಟ್ಟ ಮಾತು ಒಂದೂ ಬರಲಿಲ್ಲ. "ಸತ್ತದ," ಎಂದರು ಅತ್ತೆ. "ಎಲುಬು ಕುದಿಸಿ ಹಾಕಿದೆ. ನನ್ನ ಕೈಲಿಂದೇ ಸತ್ತದ. ನಿನ್ನ ಹಿತ್ತಲದಾಗ ಇಟ್ಟೀವಿ."

ಆಕೆ ಗಂಟಿನ ಪಕ್ಕ ನೆಲದ ಮೇಲೆ ಕೂತಳು. ಅತ್ತೆಯ ಮುಖ ನೋಡದೆಯೇ ಮಾತಾಡಿದಳು.

"ಇದರ ತಾಯೀನೂ ಹಿಂಗೇ ಸತ್ತಿತ್ತರಿ, ನಮ್ಮ ಕೈಲಿಂದೇ. ಸಾರಿನಾಗಿನ ಎಲುಬು ಹಾಕಿದ್ದೆವು. ಆವತ್ತಿನಿಂದ ನಾವು ಕುದಿಸಿದ್ದು ಹಾಕಿಲ್ಲ. ಹೋಗೂ ದಿನ ಅದೇ ಹೇಳಬೇಕಂತ ಬಾಯಿತನಾ ಬಂದಿತ್ತರಿ. ನಿಮ್ಮ ಕಟ್ಟಿ ಮುಂದ ನಿಂತು ಎಲುಬಿನ ಮಾತು ಹ್ಯಾಂಗ ಆಡ್ಲಿ ಅಂತ ನುಂಗಿಕೊಂಡೆ."

ನನಗೆ ಆ ಬೆಳಗು ನೆನಪಾಯಿತು. ತಿನ್ನೂದರಾಗ, ಎಂದು ನಿಲ್ಲಿಸಿದ್ದಳು. ಅತ್ತೆಗೂ ನೆನಪಾಗಿರಬೇಕು. ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು, ಆಕೆಯ ಪಕ್ಕ ನೆಲದ ಮೇಲೆ ಕೂತರು. ಅಷ್ಟು ವರ್ಷದಲ್ಲಿ ಅವರಿಬ್ಬರೂ ಒಂದೇ ಎತ್ತರದಲ್ಲಿ ಕೂತದ್ದನ್ನು ನಾನು ಕಂಡಿರಲಿಲ್ಲ.

"ಈಗ ಹೇಳು," ಎಂದರು. "ಹೆಂಥಾದು ಹಾಕಬೇಕಿತ್ತು?"

"ಈಗ ಯಾಕರಿ ಅವ್ವಾರ? ನಾಯೀನೇ ಇಲ್ಲ."

"ಇರಲಿ. ಹೇಳು."

ಆಕೆ ಹೇಳಿದಳು. ಹಸಿಯದೇ ಹಾಕಬೇಕು, ಅದೂ ಒಮ್ಮೆಗೇ ನುಂಗಲಾರದಷ್ಟು ದೊಡ್ಡದು, ಕೀಲಿನ ಕಡೆಯದು. ತಿನ್ನುವಾಗ ಹತ್ತಿರ ಕೂತಿರಬೇಕು, ಚೂರು ಸಣ್ಣದಾದ ಮೇಲೆ ಕಸಿದುಕೊಳ್ಳಬೇಕು. ಕೋಳಿಯದಂತೂ ಬೇಡ. ಅತ್ತೆ ಪ್ರತಿಯೊಂದಕ್ಕೂ ಹೂಂ ಅಂದರು. ಕಸಿದುಕೊಳ್ಳುವಾಗ ಕಚ್ಚುವುದಿಲ್ಲವೇನು ಎಂದು ಕೇಳಿದರು. ರೊಟ್ಟಿ ತೋರಿಸಿದರೆ ಬಿಟ್ಟುಕೊಡುತ್ತದೆ ಎಂದಳು ಆಕೆ. ಅದಕ್ಕೂ ಹೂಂ ಅಂದರು.

ತಮ್ಮ ಮನೆಯ ಹಿತ್ತಲಿನಿಂದ ಹುಡುಗಿ ಇನ್ನೂ ಕರೆಯುತ್ತಲೇ ಇದ್ದಳು. ಕುರ್ರೋ ಕುರ್ರೋ. ತಾಯಿ ಏಳಲು ಹೋದಳು.

"ನೀ ಕೂಡು," ಎಂದು ಅತ್ತೆ ಆಕೆಯ ಭುಜ ಹಿಡಿದು ಕೂರಿಸಿದರು. "ಆಕಿಗಿ ಮಾತು ಕೊಟ್ಟಾಕಿ ನಾನು."

ಕೊಟ್ಟಿಗೆಯ ಒಳಗೆ ಹೋಗಿ, ಗೂಟದಿಂದ ಹಗ್ಗ ತೆಗೆದುಕೊಂಡು, ಅದನ್ನು ಕೈಯಲ್ಲಿ ಹಿಡಿದು ಹುಡುಗಿ ಇದ್ದ ಹಿತ್ತಲ ಕಡೆ ನಡೆದರು.